ಗುರುಗುಟ್ಟುವುದನ್ನು ಬಿಡಿಸಿದೆವು, ಈಗ ಸದ್ದಿಲ್ಲದೆ ಬಾಯಿ ಹಾಕಿದೆ

ಶಾಂತಲಾ, ಧಾರವಾಡ

ಎಲ್ಲರಿಗೂ ನಮಸ್ಕಾರ. ಉದ್ದವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆಯಲ್ಲಿ ಹದಿನಾಲ್ಕು ತಿಂಗಳ ಹೆಣ್ಣು ನಾಯಿ ಇದೆ. ತಾಯಿ ಮುಧೋಳ, ತಂದೆ ಯಾವುದೋ ಊರನಾಯಿ. ಹೆಸರು ಚಿಗರಿ. ಅಂಗಳದ ಈ ತುದಿಯಿಂದ ಆ ತುದಿಗೆ ಅವಳು ಓಡುವುದನ್ನು ನೋಡಿ ನನ್ನ ಮಗ ಇಟ್ಟ ಹೆಸರು. ಅವನಿಗೆ ಒಂಬತ್ತು ವರ್ಷ. ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು ಮತ್ತು ಮಗ ಇದ್ದೇವೆ.

ಆರೇಳು ತಿಂಗಳಿರುವಾಗ ಒಂದು ಚಾಳಿ ಶುರುವಾಯಿತು. ಮಾವನವರ ಚರ್ಮದ ಚಪ್ಪಲಿಯನ್ನೋ ತಿಂದುಳಿದ ಗೋವಿನಜೋಳದ ದಿಂಡನ್ನೋ ಕಚ್ಚಿಕೊಂಡು ದಿವಾನಿನ ಕೆಳಗೆ ಸೇರುತ್ತಿದ್ದಳು. ಯಾರಾದರೂ ಹತ್ತಿರ ಹೋದರೆ ಗುರ್ ಎನ್ನುತ್ತಿದ್ದಳು. ಮಗನಿರುವ ಮನೆ, ಹೆದರಿಕೆಯಾಯಿತು. ಪರಿಚಯದವರ ಮೂಲಕ ಒಬ್ಬ ತರಬೇತುದಾರರನ್ನು ಕರೆಸಿದೆವು. ನಾಯಿ ಮನೆಯ ಯಜಮಾನಿಕೆಗೆ ಹವಣಿಸುತ್ತಿದೆ, ನೀವು ಯಜಮಾನರೆಂದು ಅದಕ್ಕೆ ತೋರಿಸಿಕೊಡಬೇಕು ಎಂದರು. ಎಳೆದರೆ ಕುತ್ತಿಗೆ ಬಿಗಿಯುವ ಕಬ್ಬಿಣದ ಚೈನ್ ಹಾಕಿಸಿದರು. ಗುರುಗುಟ್ಟಿದ ಕೂಡಲೇ ಜಗ್ಗಬೇಕು, ಆಮೇಲೆ ಅಂಗಾತ ಮಲಗಿಸಿ ಸುಮ್ಮನಾಗುವವರೆಗೆ ಒತ್ತಿ ಹಿಡಿಯಬೇಕು ಎಂದು ಕಲಿಸಿದರು. ನಾವು ಹಾಗೆಯೇ ಮಾಡಿದೆವು. ಮೂರು ವಾರದಲ್ಲಿ ಗುರುಗುಟ್ಟುವುದು ನಿಂತಿತು. ಸಮಸ್ಯೆ ಮುಗಿಯಿತು ಎಂದುಕೊಂಡೆವು.

ಕಳೆದ ಗುರುವಾರ ಮಗ ಹೋಂವರ್ಕ್ ಮುಗಿಸಿ ಪೆನ್ಸಿಲ್ ಹೆಕ್ಕಲು ದಿವಾನಿನ ಹತ್ತಿರ ಬಗ್ಗಿದ. ಚಿಗರಿ ಸದ್ದೇ ಮಾಡಲಿಲ್ಲ. ನೇರವಾಗಿ ಕೈಗೆ ಬಾಯಿ ಹಾಕಿದಳು. ಅಂಗೈಯ ಹಿಂಭಾಗದಲ್ಲಿ ಎರಡು ಹಲ್ಲಿನ ಗೀರು, ರಕ್ತ ಬರಲಿಲ್ಲ. ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಹಾಕಿಸಿದೆವು. ಮಗ ಅತ್ತಿದ್ದು ಕೈ ನೋವಿಗಲ್ಲ, "ನಾನೇನು ಮಾಡಿದೆ ಅವಳಿಗೆ?" ಎಂದು.

ಈಗ ಮಾವನವರು ಅವಳನ್ನು ಹೊಲದ ಮನೆಗೆ ಬಿಟ್ಟು ಬನ್ನಿ ಎನ್ನುತ್ತಿದ್ದಾರೆ. ತರಬೇತುದಾರರು ಇನ್ನೂ ಗಟ್ಟಿಯಾಗಿ ಹಿಡಿಯಬೇಕು ಎನ್ನುತ್ತಾರೆ. ನನಗೆ ಎರಡೂ ಒಪ್ಪಿಗೆಯಾಗುತ್ತಿಲ್ಲ. ಹೊಡೆಯದೆ, ಜಗ್ಗದೆ ಇದನ್ನು ತಿದ್ದಲು ಸಾಧ್ಯವೇ? ಮಾಡಿದವರು ಯಾರಾದರೂ ಇದ್ದೀರಾ?

ಮಲೆನಾಡ ಪಶುವೈದ್ಯೆ, ಶಿವಮೊಗ್ಗ

ಶಾಂತಲಾ ಅವರೇ, ಮೊದಲು ಮಗನ ವಿಷಯ. ಚುಚ್ಚುಮದ್ದು ಒಂದಕ್ಕೇ ನಿಲ್ಲಿಸಬೇಡಿ, ವೈದ್ಯರು ಬರೆದುಕೊಟ್ಟ ದಿನಗಳಂದು ತಪ್ಪದೆ ಪೂರ್ತಿ ಮಾಡಿಸಿ. ಸಾಕಿದ ನಾಯಿ, ಲಸಿಕೆ ಹಾಕಿಸಿದ ನಾಯಿ ಎಂದು ಇದರಲ್ಲಿ ಸಡಿಲ ಬಿಡಬಾರದು. ಇದನ್ನು ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ: ಹಲ್ಲು ತಾಗಿದ ಜಾಗವನ್ನು ತಕ್ಷಣ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಖಾರದ ಪುಡಿ ಯಾವುದನ್ನೂ ಹಚ್ಚಬೇಡಿ. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯದ ಚುಚ್ಚುಮದ್ದು ಕೂಡ ಬೇಕಾಗುತ್ತದೆ. ನಾಯಿಯ ಮೇಲೆ 10 ದಿನ ಕಣ್ಣಿಟ್ಟಿರಿ.

ಎರಡನೆಯದು, ಚಿಗರಿಯನ್ನು ಪಶುವೈದ್ಯರ ಬಳಿ ಒಮ್ಮೆ ಪೂರ್ತಿ ತಪಾಸಣೆ ಮಾಡಿಸಿ. ಕಿವಿಯೊಳಗೆ ಸೋಂಕು, ಹಲ್ಲಿನ ನೋವು, ಉಣ್ಣೆಹುಳುವಿನಿಂದ ಬರುವ ಜ್ವರ, ಹೀಗೆ ಮೈಯಲ್ಲಿ ನೋವಿರುವ ನಾಯಿ ಮುಟ್ಟಿಸಿಕೊಳ್ಳಲು ಒಪ್ಪುವುದಿಲ್ಲ. ತಿಂಗಳುಗಟ್ಟಲೆ ಬಿಗಿ ಚೈನ್ ಹಾಕಿದ್ದರಿಂದ ಕತ್ತು, ಗಂಟಲುನಾಳ ಎರಡನ್ನೂ ನೋಡಲು ಹೇಳಿ.

ಮೂರನೆಯದು, ಆ ದಿಂಡು. ನುಂಗಿದ ಗೋವಿನಜೋಳದ ದಿಂಡು ಕರುಳಿಗೆ ಅಡ್ಡ ಕೂತು ಶಸ್ತ್ರಚಿಕಿತ್ಸೆ ಮಾಡಬೇಕಾಗಿ ಬಂದ ನಾಯಿಗಳನ್ನು ನಾನು ನೋಡಿದ್ದೇನೆ. ಕಸದ ಬುಟ್ಟಿಗೆ ಮುಚ್ಚಳ ಹಾಕಿ.

ತಿದ್ದುವುದು ಸಾಧ್ಯವೇ ಎಂದು ಕೇಳಿದ್ದೀರಿ. ಸಾಧ್ಯ. ಕ್ರಮವನ್ನು ನನಗಿಂತ ಚೆನ್ನಾಗಿ ಹೇಳುವವರು ಈ ಬಳಗದಲ್ಲಿದ್ದಾರೆ.

ರಾಜಶೇಖರ, ಬಾಗಲಕೋಟೆ ಜಿಲ್ಲೆ

ತಂಗಿ ಶಾಂತಲಾ, ನಮ್ಮದು ಮುಧೋಳ ತಾಲ್ಲೂಕು. ನಮ್ಮ ಅಜ್ಜನ ಕಾಲದಿಂದ ಮನೆಯಲ್ಲಿ ಈ ನಾಯಿಗಳಿವೆ. ನಿನ್ನ ಪತ್ರ ಓದಿ ಮನಸ್ಸಿಗೆ ಬೇಸರವಾಯಿತು.

ಈ ತಳಿಯ ಕಾಲು ಎಷ್ಟು ಗಟ್ಟಿಯೋ ಮನಸ್ಸು ಅಷ್ಟೇ ತೆಳು. ನಮ್ಮಪ್ಪ ಓದಿದವರಲ್ಲ, ಆದರೆ ಮರಿಗಳ ಮೇಲೆ ಯಾರನ್ನೂ ಕೈಯೆತ್ತಲು ಬಿಡುತ್ತಿರಲಿಲ್ಲ. ಒಮ್ಮೆ ಹೊಡೆದರೆ ಆ ನಾಯಿ ಹೊಲದಲ್ಲಿ ನಿನ್ನ ಮುಖ ನೋಡುವುದನ್ನೇ ಬಿಡುತ್ತದೆ ಎನ್ನುತ್ತಿದ್ದರು. ಕಣ್ಣಿನಿಂದ ಬೇಟೆ ಹಿಡಿದು ಓಡುವ ನಾಯಿ ಇದು. ಅರ್ಧ ಮೈಲಿ ಆಚೆಗೆ ಹೋದಮೇಲೆ ನಿನ್ನ ಕೈಯಲ್ಲಿ ಸರಪಳಿ ಇರುವುದಿಲ್ಲ, ಕೋಲೂ ಇರುವುದಿಲ್ಲ. ನಿನ್ನ ಮೇಲಿನ ಪ್ರೀತಿಯಿಂದ ತಿರುಗಿ ಬಂದರೆ ಬಂತು. ಮಾಲೋಜಿರಾವ್ ಘೋರ್ಪಡೆ ಮಹಾರಾಜರು ಈ ನಾಯಿಗಳನ್ನು ಐದನೇ ಜಾರ್ಜ್ ದೊರೆಗೆ ಕೊಟ್ಟಿದ್ದು ಎಲ್ಲರಿಗೂ ಗೊತ್ತು, 2005ರಲ್ಲಿ ಅಂಚೆಚೀಟಿ ಬಂದದ್ದೂ ಗೊತ್ತು. ಈಗ ಹೆಸರು ಕೇಳಿ ಊರೂರಿನಿಂದ ಮರಿ ಕೊಳ್ಳಲು ಬರುತ್ತಾರೆ. ಅದರ ಸ್ವಭಾವ ಹೇಗೆ ಎಂದು ಕೇಳುವವರು ನೂರರಲ್ಲಿ ಒಬ್ಬರಿಲ್ಲ. ಕಟ್ಟಿಹಾಕಿ, ಓಡಲು ಬಿಡದೆ, ಎರಡು ರೊಟ್ಟಿ ಎಸೆದು ನಾಯಿ ಸಿಟ್ಟಿನದು ಎನ್ನುತ್ತಾರೆ.

ಹೊಲದ ಮನೆಗೆ ಮಾತ್ರ ಬಿಡಬೇಡ. ಅಲ್ಲಿ ಕಟ್ಟಿಹಾಕುವವರೇ ಹೆಚ್ಚು.

ಗಿರೀಶ, ಸಕಲೇಶಪುರ

ನಾನು ಬೇರೆ ಮಾತು ಹೇಳುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬೇಡಿ. ನಮ್ಮದು ಕಾಫಿ ತೋಟ. ಮೂರು ನಾಯಿಗಳಿವೆ. ನಾನು ಕ್ರೂರಿಯಲ್ಲ, ಜ್ವರ ಬಂದರೆ ರಾತ್ರಿಯಿಡೀ ಪಕ್ಕದಲ್ಲಿ ಕೂತಿದ್ದೇನೆ. ಆದರೆ ಕೆಲಸದವರ ಮಕ್ಕಳ ಮೇಲೆ ಎಗರಿದರೆ, ಕೋಳಿ ಹಿಡಿದರೆ ಅಲ್ಲೇ ಒಂದು ಏಟು ಕೊಡಬೇಕಾಗುತ್ತದೆ. ದಂಡಂ ದಶಗುಣಂ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಹೊಡೆಯದೆ ತಿದ್ದುವುದು ಎಂದರೆ ತಿಂಡಿ ಕೊಟ್ಟು ಕಲಿಸುವುದು ಎಂದು ಈಗ ಹೇಳುತ್ತಾರೆ. ತಿಂಡಿ ತೋರಿಸಿ ಕೆಲಸ ಮಾಡಿಸುವುದು ಲಂಚ ಕೊಟ್ಟ ಹಾಗೆ. ಇವತ್ತು ಪನೀರ್ ಕೊಟ್ಟರೆ ಚಪ್ಪಲಿ ಬಿಡುತ್ತದೆ, ನಾಳೆ ಪನೀರ್ ಇಲ್ಲದಿದ್ದರೆ? ಮಗುವಿನ ಕೈಗೆ ಬಾಯಿ ಹಾಕಿದ ನಾಯಿಗೆ ತಿಂಡಿ ಕೊಡಿ ಎನ್ನುವುದು ನನಗೆ ಅರ್ಥವಾಗುವುದಿಲ್ಲ. ಅದು ಕಚ್ಚಿದ್ದಕ್ಕೆ ಬಹುಮಾನ ಕೊಟ್ಟಂತಾಗುವುದಿಲ್ಲವೇ?

ನಂದಿನಿ, ಮೈಸೂರು

ಶಾಂತಲಾ ಅವರೇ, ಒಂಬತ್ತು ವರ್ಷದಿಂದ ನಾಯಿಗಳ ನಡವಳಿಕೆ ತಿದ್ದುವ ಕೆಲಸ ಮಾಡುತ್ತಿದ್ದೇನೆ. ಅದಕ್ಕೂ ಮೊದಲು ನನ್ನ ಮೊದಲ ನಾಯಿಗೆ ನಾನೇ ಆ ಬಿಗಿ ಚೈನ್ ಹಾಕಿ ಜಗ್ಗಿದ್ದೇನೆ. ಅವನು ಹದಿಮೂರು ವರ್ಷ ಬದುಕಿದ. ಕೊನೆಯವರೆಗೂ ನನ್ನ ಕೈ ಕತ್ತಿನ ಹತ್ತಿರ ಹೋದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಆದ್ದರಿಂದ ನಿಮ್ಮನ್ನು ದೂರುವ ಮನಸ್ಸು ನನಗಿಲ್ಲ. ಬಲ್ಲವರೆಂದು ನಂಬಿದವರು ಹೇಳಿದ್ದನ್ನು ಮಾಡಿದಿರಿ.

ನಿಮ್ಮ ಮನೆಯಲ್ಲಿ ನಡೆದದ್ದನ್ನು ಚಿಗರಿಯ ಕಡೆಯಿಂದ ನೋಡಿ. ಅವಳ ಬಾಯಲ್ಲಿ ಬೆಲೆಬಾಳುವ ವಸ್ತುವಿದೆ. ಯಾರೋ ಹತ್ತಿರ ಬರುತ್ತಿದ್ದಾರೆ, ಕಿತ್ತುಕೊಳ್ಳುತ್ತಾರೆಂದು ಆತಂಕವಾಗಿದೆ. ಮೊದಲು ಅಗಿಯುವುದನ್ನು ನಿಲ್ಲಿಸಿ ಮೈ ಬಿಗಿ ಹಿಡಿದಿರುತ್ತಾಳೆ. ಕಣ್ಣಿನ ಬಿಳಿ ಅಂಚು ಕಾಣಿಸುವಂತೆ ಓರೆಯಾಗಿ ನೋಡಿರುತ್ತಾಳೆ. ತುಟಿ ನೆಕ್ಕಿರುತ್ತಾಳೆ. ಇದು ಯಾವುದೂ ನಮಗೆ ಕಾಣದಿದ್ದಾಗ ಗುರ್ ಎಂದಿದ್ದಾಳೆ. "ದಯವಿಟ್ಟು ದೂರ ಇರಿ" ಎಂದು ಹೇಳಲು ಅವಳ ಬಳಿ ಇರುವ ಅತಿ ಸ್ಪಷ್ಟವಾದ ಮಾತು ಅದು. ಆ ಮಾತು ಬಂದಾಗಲೆಲ್ಲ ಕತ್ತು ಬಿಗಿಯಿತು. ಅವಳು ಮಾತು ನಿಲ್ಲಿಸಿದಳು. ಆತಂಕ ಇದ್ದಲ್ಲೇ ಇತ್ತು.

ಆತಂಕ ಇದ್ದಲ್ಲೇ ಇತ್ತು ಎಂದೆ, ವಾಸ್ತವದಲ್ಲಿ ಅದು ಬೆಳೆದಿರುತ್ತದೆ. ರಷ್ಯಾದ ಪಾವ್ಲೋವ್ ನಾಯಿಗಳ ಮೇಲೆ ಮಾಡಿದ ಪ್ರಯೋಗ ಶಾಲೆಯಲ್ಲಿ ಓದಿದ್ದು ನೆನಪಿರಬಹುದು. ಗಂಟೆಯ ಸದ್ದು, ಅದರ ಹಿಂದೆಯೇ ಊಟ. ಕೆಲವು ದಿನಗಳಲ್ಲಿ ಸದ್ದು ಕೇಳಿದೊಡನೆ ಬಾಯಲ್ಲಿ ಜೊಲ್ಲು. ನಿಮ್ಮ ಮನೆಯಲ್ಲಿ ಅದೇ ಪಾಠ ತಿರುಗುಮುರುಗಾಗಿ ನಡೆದಿದೆ. ಮಗ ಹತ್ತಿರ ಬಂದ, ಅದರ ಹಿಂದೆಯೇ ಕತ್ತು ನೋವು. ಮೂರು ವಾರ ದಿನವೂ ಹೀಗೆ ಆದರೆ ಮಗನ ಹೆಜ್ಜೆ ಸದ್ದೇ ನೋವಿನ ಮುನ್ಸೂಚನೆ. ಅವನು "ನಾನೇನು ಮಾಡಿದೆ" ಎಂದು ಕೇಳಿದನಲ್ಲ, ಅವನು ಏನೂ ಮಾಡಿಲ್ಲ. ಇದನ್ನು ಅವನಿಗೆ ದಯವಿಟ್ಟು ಹೇಳಿ.

ಯಜಮಾನಿಕೆಯ ಮಾತಿಗೆ ಬರುತ್ತೇನೆ, ಏಕೆಂದರೆ ಅದು ಎಲ್ಲರ ಬಾಯಲ್ಲೂ ಇದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ ಬರೆದರು. ಬೇಲಿಯೊಳಗೆ ಕೂಡಿಟ್ಟ ತೋಳಗಳು ಮೇಲಾಟಕ್ಕಾಗಿ ಕಾದಾಡುತ್ತಿದ್ದವು. ಅಲ್ಲಿಂದ ತೋಳದ ಗುಂಪಿಗೆ ಒಬ್ಬ ಯಜಮಾನ ಎಂಬ ವಿಚಾರ ಹಬ್ಬಿತು. ಅಮೆರಿಕದ ಡೇವಿಡ್ ಮೆಕ್ 1970ರಲ್ಲಿ ತಮ್ಮ ಪುಸ್ತಕದಲ್ಲಿ ಅದನ್ನೇ ಹೇಳಿದರು. ಆಮೇಲೆ ಅವರೇ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಬೇಸಿಗೆ ಬೇಸಿಗೆಗೂ ಕಾಡು ತೋಳಗಳ ಜೊತೆ ಕಳೆದು, 1999ರಲ್ಲಿ ತಮ್ಮ ಹಳೆಯ ಮಾತನ್ನು ತಾವೇ ತಿದ್ದಿಕೊಂಡರು: ಕಾಡಿನ ತೋಳದ ಗುಂಪು ಎಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ ಮತ್ತು ಮಕ್ಕಳ ಸಂಸಾರ. ಅಲ್ಲಿ ಯಾರೂ ಗೆದ್ದು ಪಟ್ಟಕ್ಕೇರುವುದಿಲ್ಲ. ಆ ವಿಜ್ಞಾನಿಯೇ ಕೈಬಿಟ್ಟ ಮಾತನ್ನು ಹಿಡಿದುಕೊಂಡು ನಾವು ಇಂದಿಗೂ ಮರಿಗಳನ್ನು ಅಂಗಾತ ಒತ್ತುತ್ತಿದ್ದೇವೆ. ನನಗೆ ಇದು ನಿಜಕ್ಕೂ ಸಂಕಟ ಕೊಡುತ್ತದೆ.

ಈಗ ಮಾಡಬೇಕಾದ್ದು. ಇವತ್ತೇ ಆ ಚೈನ್ ತೆಗೆಯಿರಿ. ಅಗಲವಾದ ಬಟ್ಟೆಯ ಕೊರಳಪಟ್ಟಿ ಅಥವಾ ಎದೆಗೆ ಬರುವ ಹಾರ್ನೆಸ್ ಹಾಕಿ. ಮುಧೋಳದ ತಲೆ ಕತ್ತಿಗಿಂತ ಸಣ್ಣದು, ಸಾಮಾನ್ಯ ಪಟ್ಟಿ ಹಿಂದಕ್ಕೆ ಜಾರಿ ಬಂದುಬಿಡುತ್ತದೆ, ನೋಡಿಕೊಂಡು ಕೊಳ್ಳಿ. ಚಪ್ಪಲಿಗಳನ್ನು ಕಪಾಟಿನೊಳಗಿಡಿ. ದಿವಾನಿನ ಕೆಳಭಾಗಕ್ಕೆ ಹಲಗೆ ಹೊಡೆಸಿ ಮುಚ್ಚಿ, ಅವಳಿಗೆ ಯಾರೂ ಬರದ ಒಂದು ಮೂಲೆಯಲ್ಲಿ ಚಾಪೆ ಹಾಕಿಕೊಡಿ. ಅವಳು ಏನನ್ನಾದರೂ ಅಗಿಯುತ್ತಿರುವಾಗ ಮಗ ಆ ಕೋಣೆಯಲ್ಲಿ ಒಬ್ಬನೇ ಇರಬಾರದು.

ನಾಲ್ಕೈದು ದಿನ ಹೀಗೆ ನೆಮ್ಮದಿ ಸಿಕ್ಕಿದ ಮೇಲೆ ಪಾಠ ಶುರು ಮಾಡಿ. ಮೊದಲು ನೀವೊಬ್ಬರೇ. ಅವಳಿಗೆ ಅಷ್ಟೇನೂ ಇಷ್ಟವಿಲ್ಲದ ವಸ್ತು ಕೊಡಿ, ಹಳೆಯ ಹಗ್ಗವೋ ಮರದ ತುಂಡೋ. ಅವಳ ಅಗಿತ ನಿಲ್ಲದಷ್ಟು ದೂರದಲ್ಲಿ ಹಾದುಹೋಗುತ್ತಾ ಹುಣಸೆಬೀಜದಷ್ಟು ಪನೀರ್ ತುಣುಕನ್ನು ಅವಳ ಮುಂದೆ ಎಸೆದು ಮುಂದೆ ನಡೆದುಬಿಡಿ. ಹಗ್ಗವನ್ನು ಮುಟ್ಟಬೇಡಿ, ಅವಳನ್ನು ಮಾತನಾಡಿಸಲೂಬೇಡಿ. ಒಂದು ಸಲಕ್ಕೆ ಏಳೆಂಟು ಬಾರಿ, ದಿನಕ್ಕೆ ಎರಡು ಸಲ ಸಾಕು. ನೀವು ಹತ್ತಿರ ಬಂದರೆ ಕಳೆದುಕೊಳ್ಳುವುದೇನೂ ಇಲ್ಲ, ಮೇಲಿಂದ ಇನ್ನಷ್ಟು ಸಿಗುತ್ತದೆ ಎಂಬುದು ಅವಳಿಗೆ ತಿಳಿಯಬೇಕು. ನಿಮ್ಮ ಹೆಜ್ಜೆ ಸದ್ದಿಗೆ ಅವಳು ತಾನಾಗಿ ಕತ್ತೆತ್ತಿ, ಬಾಲ ಸಡಿಲ ಬಿಟ್ಟು ನೋಡಿದ ದಿನ ಒಂದು ಅಡಿ ಹತ್ತಿರ ಹೋಗಿ. ಮೈ ಬಿಗಿಯಾದರೆ ಎರಡು ಅಡಿ ಹಿಂದೆ ಸರಿಯಿರಿ. ಅವಸರಪಟ್ಟವರು ತಪ್ಪುವುದು ಇಲ್ಲಿಯೇ.

ಇದು ಕೂತಮೇಲೆ ಮಾತು ಸೇರಿಸಿ. "ಬಿಡು" ಎನ್ನಿ, ಆಮೇಲೆ ತುಣುಕು ತೋರಿಸಿ. ಬಾಯಿ ತೆರೆದು ವಸ್ತು ಬಿದ್ದ ಕ್ಷಣದಲ್ಲೇ "ಭೇಷ್" ಎಂದು ಕೊಡಿ. ಒಂದೆರಡು ಸೆಕೆಂಡು ತಡವಾದರೂ ಯಾವುದಕ್ಕೆ ಸಿಕ್ಕಿತು ಎಂಬುದು ಅವಳಿಗೆ ತಿಳಿಯುವುದಿಲ್ಲ. ತಿಂದ ಮೇಲೆ ಆ ವಸ್ತುವನ್ನು ಅವಳಿಗೇ ವಾಪಸ್ ಕೊಡಿ. ಇದನ್ನು ಕೇಳಿ ಎಲ್ಲರೂ ಹುಬ್ಬೇರಿಸುತ್ತಾರೆ, ಆದರೆ ಬಿಟ್ಟದ್ದು ತಿರುಗಿ ಬರುತ್ತದೆ ಎಂದು ಗೊತ್ತಾದ ನಾಯಿ ಬಿಡಲು ಹೆದರುವುದಿಲ್ಲ. ದಿನಕ್ಕೊಮ್ಮೆ ಬರಿಗೈಯನ್ನು ನಿಧಾನವಾಗಿ ಕೊರಳಪಟ್ಟಿಯ ಹತ್ತಿರ ತಂದು, ಮುಟ್ಟಿ, ತಿಂಡಿ ಕೊಡಿ. ಆ ಕೈಯ ಮೇಲಿನ ಭಯವನ್ನೂ ಬಿಡಿಸಬೇಕಲ್ಲ.

ಮಗನ ಸರದಿ ಕೊನೆಯಲ್ಲಿ. ಆರು ವಾರ ಎಂದು ಲೆಕ್ಕ ಇಟ್ಟುಕೊಳ್ಳಿ, ಹತ್ತು ಹಿಡಿದರೂ ಚಿಂತೆಯಿಲ್ಲ. ಸಾಧ್ಯವಾದರೆ ಈ ಕ್ರಮದಲ್ಲಿ ಪಳಗಿದ ಒಬ್ಬರನ್ನು ಮನೆಗೆ ಕರೆಸಿ ನೋಡಿಸಿ. ಮಗು ಇರುವ ಮನೆಯಲ್ಲಿ ಓದಿ ತಿಳಿದದ್ದಷ್ಟನ್ನೇ ನೆಚ್ಚಿಕೊಳ್ಳಬೇಡಿ.

ನಂದಿನಿ, ಮೈಸೂರು

ಗಿರೀಶ್ ಅವರೇ, ನಿಮಗೆ ಬೇರೆಯಾಗಿ ಬರೆಯುತ್ತೇನೆ. ಒಳ್ಳೆಯ ಪ್ರಶ್ನೆ ಕೇಳಿದ್ದೀರಿ.

ಕೆಲಸಕ್ಕೆ ಮೊದಲು ಕೈಯೊಳಗೆ ಇಟ್ಟರೆ ಲಂಚ, ಕೆಲಸ ಆದಮೇಲೆ ಕೊಟ್ಟರೆ ಕೂಲಿ. ನಿಮ್ಮ ತೋಟದಲ್ಲಿ ಹಣ್ಣು ಕೊಯ್ದವರಿಗೆ ಶನಿವಾರ ಬಟವಾಡೆ ಮಾಡುತ್ತೀರಲ್ಲ, ಅದೇ ಇದು. ಕಲಿಯುವ ಹೊತ್ತಿನಲ್ಲಿ ಪ್ರತಿ ಸಲವೂ ಕೊಡಬೇಕು. ಕಲಿತ ಮೇಲೆ ಕೆಲವು ಸಲ ತಿಂಡಿ, ಕೆಲವು ಸಲ ಚೆಂಡು, ಕೆಲವು ಸಲ ಬಾಗಿಲು ತೆರೆದು ಹೊರಗೆ ಬಿಡುವುದೇ ಕೂಲಿ. ಬಾಂಬು, ಮಾದಕವಸ್ತು ಮೂಸಿ ಹಿಡಿಯುವ ನಾಯಿಗಳಿಗೂ ಕಲಿಸುವುದು ಇದೇ ದಾರಿಯಲ್ಲಿ. ವಾಸನೆ ಹಿಡಿದರೆ ಚೆಂಡು ಸಿಗುತ್ತದೆ, ಆಟ ಸಿಗುತ್ತದೆ. ಹೊಡೆದು ಮೂಸಿಸಲು ಆಗುವುದಿಲ್ಲ.

ಕಚ್ಚಿದ್ದಕ್ಕೆ ಬಹುಮಾನ ಎಂಬ ಸಂಶಯಕ್ಕೆ ಉತ್ತರ: ಕಚ್ಚಿದ ಹೊತ್ತಿನಲ್ಲಿ ಯಾರೂ ತಿಂಡಿ ಕೊಡುವುದಿಲ್ಲ. ಕಚ್ಚಬೇಕೆನಿಸುವ ಸ್ಥಿತಿಗೆ ಅವಳು ಹೋಗದಷ್ಟು ದೂರದಲ್ಲಿ, ನೆಮ್ಮದಿಯಿಂದಿರುವಾಗ ಕೊಡುತ್ತೇವೆ. ಮತ್ತೆ, ಹೊಡೆಯುವುದಿಲ್ಲ ಎಂದರೆ ಹೇಗಾದರೂ ಇರಲಿ ಎಂದು ಬಿಟ್ಟುಬಿಡುವುದು ಎಂದರ್ಥವಲ್ಲ. ನನ್ನ ಕೈಯಲ್ಲಿ ತಯಾರಾದ ಯಾವ ನಾಯಿಗೂ ಅಡುಗೆಮನೆಯ ಹೊಸ್ತಿಲು ದಾಟುವ ಸ್ವಾತಂತ್ರ್ಯವಿಲ್ಲ. ಬಾಗಿಲಿಗೆ ಅಡ್ಡಗೇಟು, ಉದ್ದ ಹಗ್ಗ, ಮೊದಲೇ ಮಾಡಿದ ಏರ್ಪಾಡು, ಇವು ಕೋಲಿಗಿಂತ ಹೆಚ್ಚು ಶಿಸ್ತು ಬೇಡುತ್ತವೆ, ಅದೂ ನಮ್ಮಿಂದ.

2020ರಲ್ಲಿ ಪೋರ್ಚುಗಲ್ಲಿನ ಪೋರ್ಟೊದ ಸಂಶೋಧಕರು ಬೇರೆ ಬೇರೆ ತರಬೇತಿ ಶಾಲೆಗಳ 92 ಸಾಕುನಾಯಿಗಳನ್ನು ಹೋಲಿಸಿ ನೋಡಿದರು. ಶಿಕ್ಷೆ ಹೆಚ್ಚಾಗಿ ಬಳಸುವ ಶಾಲೆಗಳ ನಾಯಿಗಳು ತರಬೇತಿಯ ವೇಳೆ ಹೆಚ್ಚು ತುಟಿ ನೆಕ್ಕುತ್ತಿದ್ದವು, ಹೆಚ್ಚು ಏದುಸಿರು ಬಿಡುತ್ತಿದ್ದವು, ಅವುಗಳ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸೋಲ್ ಹೆಚ್ಚು ಏರಿತ್ತು. ಅವರು ಇನ್ನೊಂದು ಪರೀಕ್ಷೆ ಮಾಡಿದರು, ನನ್ನ ಮನಸ್ಸಿನಲ್ಲಿ ಉಳಿದದ್ದು ಅದು. ಒಂದು ಕಡೆ ಇಟ್ಟ ಬಟ್ಟಲಿನಲ್ಲಿ ಯಾವಾಗಲೂ ತಿಂಡಿ, ಇನ್ನೊಂದು ಕಡೆಯದ್ದು ಯಾವಾಗಲೂ ಖಾಲಿ. ಇದು ಕಲಿತ ಮೇಲೆ ಬಟ್ಟಲನ್ನು ನಡುವೆ ಇಟ್ಟರು. ಶಿಕ್ಷೆಗೆ ಒಗ್ಗಿದ ನಾಯಿಗಳು ಅದರತ್ತ ನಿಧಾನವಾಗಿ ಹೋದವು, ಅಲ್ಲಿ ಒಳ್ಳೆಯದೇನೂ ಇರಲಾರದು ಎಂಬಂತೆ. ತರಬೇತಿಯ ಅಂಗಳದಿಂದ ಹೊರಗೆ ಬಂದಮೇಲೂ ಆ ಭಾವ ಅವುಗಳನ್ನು ಬಿಟ್ಟಿರಲಿಲ್ಲ.

ಒಂದು ಕೇಳಲೇ? ನಿಮ್ಮ ನಾಯಿಗಳನ್ನು ದೂರದಿಂದ ಕರೆದರೆ ಕಾಲ ಬುಡದವರೆಗೆ ಬರುತ್ತವೆಯೇ?

ಗಿರೀಶ, ಸಕಲೇಶಪುರ

ಎರಡು ಬರುತ್ತವೆ. ರಾಜ ಎನ್ನುವ ದೊಡ್ಡದು ಹತ್ತು ಹೆಜ್ಜೆ ದೂರದಲ್ಲಿ ನಿಂತುಬಿಡುತ್ತದೆ. ಬಾಲ ಆಡಿಸುತ್ತದೆ, ಹತ್ತಿರ ಬರುವುದಿಲ್ಲ. ಸೊಕ್ಕು ಎಂದುಕೊಂಡಿದ್ದೆ.

ನಂದಿನಿ, ಮೈಸೂರು

ಕೋಳಿ ಹಿಡಿದ ಮೇಲೆ ಕರೆದು, ಬಂದಾಗ ಹೊಡೆದದ್ದು ಉಂಟೇ?

ಗಿರೀಶ, ಸಕಲೇಶಪುರ

ಉಂಟು. ಒಂದಲ್ಲ, ನಾಲ್ಕೈದು ಸಲ.

ಯೋಚನೆ ಮಾಡುತ್ತೇನೆ. ಕೋಳಿಯ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಒಪ್ಪಿದೆ ಎಂದು ಹೇಳುವುದಿಲ್ಲ, ಆದರೆ ಕರೆದು ಹೊಡೆದದ್ದು ತಪ್ಪು. ಅದು ಕರೆದದ್ದಕ್ಕೇ ಏಟು ಎಂದು ತಿಳಿದುಕೊಂಡಿದೆ. ಚಿರತೆ ಓಡಾಡುವ ಜಾಗ ನಮ್ಮದು. ಕತ್ತಲಾದ ಮೇಲೆ ಕರೆದರೆ ಬಾರದ ನಾಯಿ ಬದುಕುವುದಿಲ್ಲ.

ರಾಜಶೇಖರ, ಬಾಗಲಕೋಟೆ ಜಿಲ್ಲೆ

ಗಿರೀಶಣ್ಣ, ಹೆಸರು ಬದಲಿಸಿ ನೋಡು. ರಾಜ ಎಂದರೆ ಏಟು ಎಂದಾಗಿದ್ದರೆ ಆ ಹೆಸರು ಕೆಟ್ಟಿತು. ಹೊಸ ಶಬ್ದವೋ ಸೀಟಿಯೋ ಹಾಕಿ, ಸೀಟಿ ಊದಿದಾಗಲೆಲ್ಲ ಬೇಯಿಸಿದ ಮೊಟ್ಟೆಯ ಚೂರು ಕೊಡು. ತಪ್ಪು ಮಾಡಿದ್ದರೂ ಬಂದ ಮೇಲೆ ಬೈಯಬೇಡ.

ಸವಿತಾ, ಕಾರ್ಡಿಫ್

ಹುಬ್ಬಳ್ಳಿಯವಳು, ಈಗ ವೇಲ್ಸ್‌ನಲ್ಲಿದ್ದೇನೆ. ಇಲ್ಲಿ ವಿದ್ಯುತ್ ಶಾಕ್ ಕೊಡುವ ಕೊರಳಪಟ್ಟಿಗಳನ್ನು 2010ರಿಂದಲೇ ನಿಷೇಧಿಸಿದ್ದಾರೆ. ನಮ್ಮ ಬೀದಿಯ ಕುರಿನಾಯಿಗಳು ಅದಿಲ್ಲದೆಯೇ ಕಲಿಯುತ್ತಿವೆ. ಕಳೆದ ಬೇಸಿಗೆಯಲ್ಲಿ ಊರಿಗೆ ಬಂದಾಗ ತಮ್ಮ ಆನ್‌ಲೈನ್‌ನಲ್ಲಿ ಅಂಥದ್ದೇ ಪಟ್ಟಿ ತರಿಸಿದ್ದ. ನಾಯಿಗೆ ಹಾಕುವ ಮೊದಲು ನಿನ್ನ ಕೈಗೇ ಹಿಡಿದು ನೋಡು ಎಂದೆ. ಹಿಡಿದ, ವಾಪಸ್ ಕಳುಹಿಸಿದ.

ಮಲೆನಾಡ ಪಶುವೈದ್ಯೆ, ಶಿವಮೊಗ್ಗ

ನಮ್ಮ ದೇಶದಲ್ಲೂ ಕಾನೂನು ಇಲ್ಲದಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಪ್ರಾಣಿಗೆ ಅನಗತ್ಯ ನೋವಾಗುವಂತೆ ಹೊಡೆಯುವುದು, ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದು ಎರಡೂ ಅಪರಾಧ.

ಕಾವ್ಯಾ, ಬೆಂಗಳೂರು

ನಮ್ಮದು ಸಸ್ಯಾಹಾರಿ ಮನೆ, ಪನೀರ್ ದಿನವೂ ತರಲು ಆಗುವುದಿಲ್ಲ. ಬೇರೆ ಏನು ಕೊಡಬಹುದು? ನಾನು ಬೀದಿಯಿಂದ ತಂದ ಮರಿಗೆ ಈಗ ಹತ್ತು ವಾರ.

ಮಲೆನಾಡ ಪಶುವೈದ್ಯೆ, ಶಿವಮೊಗ್ಗ

ಬೇಯಿಸಿದ ಗೆಣಸು, ಕ್ಯಾರೆಟ್, ಬೀಜ ತೆಗೆದ ಸೇಬು, ಸೌತೆಕಾಯಿ. ಅವನ ಪಾಲಿನ ಒಣ ಆಹಾರದಲ್ಲೇ ಒಂದು ಹಿಡಿ ತೆಗೆದಿಟ್ಟುಕೊಂಡು ಕೊಟ್ಟರೂ ಆಯಿತು. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಬೇಡವೇ ಬೇಡ. ದೇವರ ಪ್ರಸಾದದಲ್ಲಿ ಒಣದ್ರಾಕ್ಷಿ ಇರುತ್ತದೆ, ಹಿರಿಯರು ಪ್ರೀತಿಯಿಂದ ಕೊಟ್ಟುಬಿಡುತ್ತಾರೆ. ಮನೆಯವರಿಗೆಲ್ಲ ಹೇಳಿಡಿ.

ಹತ್ತು ವಾರ ಎಂದರೆ ಬಂಗಾರದಂಥ ಸಮಯ. ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ನೋಡಿದ್ದು, ಕೇಳಿದ್ದು ಮರಿಯ ಮನಸ್ಸಿಗೆ ಸಹಜವಾಗಿ ಸೇರುತ್ತದೆ. ಲಸಿಕೆ ಮುಗಿಯುವವರೆಗೆ ನೆಲಕ್ಕೆ ಬಿಡದೆ ಎತ್ತಿಕೊಂಡೇ ಹೊರಗೆ ಕರೆದೊಯ್ಯಿರಿ: ಆಟೊ ಸದ್ದು, ಹೆಲ್ಮೆಟ್ ಹಾಕಿದವರು, ಕೊಡೆ, ತರಕಾರಿ ಗಾಡಿ. ದೀಪಾವಳಿಗೂ ಈಗಲೇ ತಯಾರಿ ಮಾಡಿ. ಪಟಾಕಿ ಸದ್ದನ್ನು ಮೊಬೈಲಿನಲ್ಲಿ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣಗೆ ಹಾಕಿ ಊಟ ಕೊಡಿ. ಅವನ ಕಿವಿ ಹಿಂದಕ್ಕೆ ಮಲಗದಿದ್ದರೆ ಮಾತ್ರ ಎರಡು ದಿನಕ್ಕೊಮ್ಮೆ ಒಂದು ಗೆರೆ ಏರಿಸಿ.

ಶಾಂತಲಾ, ಧಾರವಾಡ (ಮೂರು ವಾರದ ನಂತರ)

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ತಪಾಸಣೆಯಲ್ಲಿ ಎಡಕಿವಿಯ ಒಳಗೆ ಸೋಂಕು ಕಂಡುಬಂತು, ಔಷಧಿ ಹಾಕುತ್ತಿದ್ದೇವೆ. ಎಷ್ಟು ದಿನದಿಂದ ನೋಯುತ್ತಿತ್ತೋ. ಅದೇ ಕಿವಿಯ ಕೆಳಗೇ ಚೈನ್ ಬಿಗಿಯುತ್ತಿತ್ತು ಎಂದು ನೆನೆದರೆ ನಿದ್ದೆ ಬರುವುದಿಲ್ಲ.

ಚೈನ್ ತೆಗೆದ ಮೊದಲ ವಾರ ಅವಳು ಬಹಳ ನಿದ್ದೆ ಮಾಡಿದಳು. ಎಂಟನೇ ದಿನ ಹಗ್ಗದಿಂದ ಶುರು ಮಾಡಿದೆ. ಆರು ಅಡಿ ದೂರದಲ್ಲಿ ಹಾದುಹೋದರೂ ಅಗಿಯುವುದು ನಿಲ್ಲುತ್ತಿತ್ತು, ಹಾಗಾಗಿ ಕೋಣೆಯ ಬಾಗಿಲಿನಿಂದಲೇ ಎಸೆದೆ. ಈಗ ಎರಡು ಅಡಿಗೆ ಬಂದಿದ್ದೇನೆ. ಮಾವನವರು ಪೇಪರ್ ಓದುವಂತೆ ಕೂತು ಎಲ್ಲವನ್ನೂ ನೋಡುತ್ತಿರುತ್ತಾರೆ. ಮೊನ್ನೆ ಅವರೇ ಜೇಬಿನಿಂದ ಗೆಣಸಿನ ಚೂರು ತೆಗೆದು ಎಸೆದರು, ಪೇಪರ್ ಕೆಳಗಿಳಿಸಲಿಲ್ಲ. ಹೊಲದ ಮನೆಯ ಮಾತು ಆಮೇಲೆ ಬಂದಿಲ್ಲ.

ಮಗನಿಗೆ ಪಾವ್ಲೋವ್ ಕಥೆ ಹೇಳಿದೆ. "ಹಾಗಾದರೆ ನಾನು ಗಂಟೆಯಾಗಿದ್ದೆ" ಎಂದ.

ನಂದಿನಿ, ಮೈಸೂರು

ಬಹಳ ಸಂತೋಷವಾಯಿತು. ಎರಡು ಅಡಿಯಲ್ಲೇ ಇನ್ನೊಂದು ವಾರ ಇರಿ, ಮುಂದೆ ಹೋಗಬೇಡಿ. ಮಗನನ್ನು ಸೇರಿಸುವಾಗ ನಡುವೆ ಗ್ರಿಲ್ ಬಾಗಿಲು ಇರಲಿ.

ಗಿರೀಶ, ಸಕಲೇಶಪುರ

ಸೀಟಿಗೆ ರಾಜ ನಾಲ್ಕು ಹೆಜ್ಜೆ ದೂರದವರೆಗೆ ಬರುತ್ತಿದ್ದಾನೆ. ಕೋಳಿಗೂಡಿಗೆ ಸುತ್ತ ಜಾಲರಿ ಹಾಕಿಸಿದೆ.

ಶಾಂತಲಾ, ಧಾರವಾಡ (ಒಂಬತ್ತನೇ ವಾರ)

ನಿನ್ನೆ ಸಂಜೆ ನಡೆದದ್ದನ್ನು ಹೇಳಲು ಬಂದೆ.

ಎರಡು ವಾರದಿಂದ ಮಗ ಗ್ರಿಲ್ ಆಚೆಯಿಂದ ಪನೀರ್ ಎಸೆಯುತ್ತಿದ್ದಾನೆ. ಅವನು ಶಾಲೆಯಿಂದ ಬಂದ ಸದ್ದಿಗೆ ಚಿಗರಿ ಬಾಯಲ್ಲಿದ್ದ ಹಗ್ಗವನ್ನು ಬಿಟ್ಟು ಗ್ರಿಲ್ ಹತ್ತಿರ ಬಂದು ಕೂರುತ್ತಾಳೆ. ನಿನ್ನೆ ಮಾತ್ರ ಅತ್ತೆಯ ಕೈಜಾರಿ ಬಿದ್ದ ಜೋಳದ ರೊಟ್ಟಿ ಪೂರ್ತಿಯಾಗಿ ಅವಳಿಗೆ ಸಿಕ್ಕಿತ್ತು. ತನ್ನ ಚಾಪೆಗೆ ಒಯ್ದು ತಿನ್ನುತ್ತಿದ್ದಳು. ಗ್ರಿಲ್ ತೆರೆದದ್ದು ನಮ್ಮ ಗಮನಕ್ಕೆ ಬರಲಿಲ್ಲ, ಮಗ ಒಳಗೆ ಕಾಲಿಟ್ಟ. ಚಿಗರಿ ತಿನ್ನುವುದನ್ನು ನಿಲ್ಲಿಸಿದಳು. ಆಮೇಲೆ ಸಣ್ಣಗೆ, ಗಂಟಲೊಳಗೆ, ಗುರ್ ಎಂದಳು.

ಐದು ತಿಂಗಳಾದ ಮೇಲೆ ಆ ಸದ್ದು ಕೇಳಿದೆ. ನಾನು ಎದ್ದು ನಿಲ್ಲುವಷ್ಟರಲ್ಲಿ ಮಗ ಅಲ್ಲೇ ನಿಂತ, ಮುಖ ಪಕ್ಕಕ್ಕೆ ತಿರುಗಿಸಿದ, ಎರಡು ಹೆಜ್ಜೆ ಹಿಂದಕ್ಕೆ ಸರಿದ. ಚಿಗರಿ ಮತ್ತೆ ರೊಟ್ಟಿ ತಿನ್ನತೊಡಗಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಮಾತಾಡಿದಳು ನೋಡು" ಎಂದರು.

ಮಗ ಗ್ರಿಲ್ ಆಚೆ ಹೋಗಿ, ಚಿಲಕ ಹಾಕಿ, ಡಬ್ಬಿಯಿಂದ ಪನೀರ್ ತೆಗೆದ.